ಕಿತ್ತಳೆ ದೀಪದ ಮಾತು

(ನಮ್ಮ ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವೈದ್ಯರನ್ನು ಭಾಷಣಕ್ಕೆ ಕರೆದರೆ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ, ಎರಡರಲ್ಲೊಂದು ಖಂಡಿತ ಎಂದು ತಾವೆಲ್ಲ ಸಿದ್ಧರಾಗಿಯೇ ಬಂದಿರುತ್ತೀರಿ. ಊಟಕ್ಕೆ ಮೊದಲೇ ಹೋಳಿಗೆಯ ಮೇಲೆ ಟೀಕೆಯಾಗುತ್ತದೆಂಬ ಅಂಜಿಕೆಯೂ ಇರಬಹುದು. ಇಂದು ಹೋಳಿಗೆಗೆ ಅಭಯ ಕೊಟ್ಟಿದ್ದೇವೆ. ನಾವು ಆರಿಸಿಕೊಂಡಿರುವ ವಿಷಯ ಸರ್ವರ್ ಯಂತ್ರಗಳ ಸ್ಥಿತಿಸೂಚನೆ ಮತ್ತು ದೋಷಸಂಕೇತಗಳು. ನಿಮ್ಮ ಆಡುಮಾತಿನಲ್ಲಿ ಹೇಳುವುದಾದರೆ ‘ಎರರ್ ಕೋಡ್’.

ಡಾಕ್ಟರಿಗೂ ಸರ್ವರಿಗೂ ಏನು ಸಂಬಂಧ ಎಂದು ಹಿಂದಿನ ಸಾಲಿನಲ್ಲಿ ಪಿಸುಮಾತು ಕೇಳಿಸುತ್ತಿದೆ. ಸಂಬಂಧ ಬಹಳ ಹತ್ತಿರದ್ದು. ದೋಹಾದ ಹಮದ್ ಜನರಲ್ ಆಸ್ಪತ್ರೆ ಆರಂಭವಾದದ್ದು 1982ರಲ್ಲಿ. ಆ ಕಾಲದ ವೈದ್ಯರ ಕೈಯಲ್ಲಿದ್ದದ್ದು ಕಾಗದದ ಕಡತ, ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡುವ ಎಕ್ಸ್‌ರೇ ಹಾಳೆ. ಇಂದು ರಕ್ತಪರೀಕ್ಷೆಯ ವರದಿ, ಸ್ಕ್ಯಾನ್ ಚಿತ್ರ, ಔಷಧಿಯ ಚೀಟಿ, ರೋಗಿಗೆ ಯಾವುದು ಒಗ್ಗುವುದಿಲ್ಲವೆಂಬ ಟಿಪ್ಪಣಿ ಎಲ್ಲವೂ ಎಲ್ಲೋ ಒಂದು ತಣ್ಣನೆಯ ಕೋಣೆಯಲ್ಲಿ ಸಾಲಾಗಿ ನಿಂತ ಯಂತ್ರಗಳ ಒಳಗಿವೆ. ಆ ಯಂತ್ರ ಉಸಿರು ನಿಲ್ಲಿಸಿದರೆ ನಾವು ಅರ್ಧ ಕುರುಡರು. ಆ ಯಂತ್ರಗಳನ್ನು ಕಾಯುವ ಕೆಲಸದಲ್ಲಿ ಈ ಸಭೆಯ ಅನೇಕ ತರುಣರಿದ್ದೀರಿ. ಮೈಕ್ರೋಸಾಫ್ಟ್ 2022ರಲ್ಲಿ, ಗೂಗಲ್ 2023ರಲ್ಲಿ ಕತಾರಿನಲ್ಲೇ ತಮ್ಮ ದತ್ತಾಂಶ ಕೇಂದ್ರಗಳನ್ನು ತೆರೆದ ಮೇಲೆ ಈ ಕಾಯಕಕ್ಕೆ ಇನ್ನಷ್ಟು ಮಹತ್ವ ಬಂದಿದೆ. ನಾವು ರೋಗಿಯನ್ನು ಕಾಯುತ್ತೇವೆ, ನೀವು ರೋಗಿಯ ದಾಖಲೆಯನ್ನು ಕಾಯುತ್ತೀರಿ. ಹಾಗಾಗಿ ಇದು ಒಂದೇ ಮನೆಯವರ ಮಾತುಕತೆ ಎಂದು ತಿಳಿಯಿರಿ.

ಊರಿನ ಒಂದು ಉದಾಹರಣೆಯಿಂದ ಹೊರಡೋಣ. ತೋಟದ ಪಂಪ್‌ಸೆಟ್ ಮನೆಯಲ್ಲಿ ಗೋಡೆಗೆ ಹೊಡೆದ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಮೂರು ಪುಟ್ಟ ದೀಪಗಳಿರುತ್ತವೆ: ಕೆಂಪು, ಹಳದಿ, ನೀಲಿ. ಮೂರು ಫೇಸಿನ ವಿದ್ಯುತ್ತಿಗೆ ಮೂರು ದೀಪ. ಶಾಲೆಯ ಮೆಟ್ಟಿಲು ಹತ್ತದ ರೈತನೂ ಒಂದು ದೀಪ ಮಂಕಾಗಿದ್ದರೆ ಗುಂಡಿ ಒತ್ತುವುದಿಲ್ಲ. ಒಂದು ಫೇಸ್ ಇಲ್ಲದೆ ಮೋಟರ್ ಓಡಿಸಿದರೆ ವೈಂಡಿಂಗ್ ಸುಟ್ಟು, ಮೋಟರನ್ನು ಗಾಡಿಗೆ ಹಾಕಿಕೊಂಡು ಪೇಟೆಗೆ ಹೋಗಬೇಕು, ಅಷ್ಟರಲ್ಲಿ ಬೆಳೆ ಒಣಗುತ್ತದೆ ಎಂಬುದು ಅವನಿಗೆ ಗೊತ್ತು. ಆ ರೈತನಿಗೆ ದೀಪದ ಭಾಷೆ ಬರುತ್ತದೆ, ಆ ಭಾಷೆಗೆ ಅವನು ಬೆಲೆಯನ್ನೂ ಕೊಡುತ್ತಾನೆ. ನಮ್ಮ ಇಂದಿನ ವಿಷಯದ ಸಾರವೆಲ್ಲ ಇವೆರಡೇ.

ಸರ್ವರ್ ಮೂರು ಬಗೆಯಲ್ಲಿ ಮಾತನಾಡುತ್ತದೆ: ದೀಪದಿಂದ, ಸದ್ದಿನಿಂದ, ಬರಹದಿಂದ. ಸದ್ದಿನದು ಹಳೆಯ ಭಾಷೆ. 1981ರಲ್ಲಿ ಬಂದ ಐಬಿಎಂ ಪಿಸಿಯೇ ಚಾಲೂ ಮಾಡಿದ ಕೂಡಲೇ ತನ್ನನ್ನು ತಾನು ಪರೀಕ್ಷಿಸಿಕೊಂಡು, ಎಲ್ಲವೂ ಸರಿಯಿದ್ದರೆ ಒಂದು ಚಿಕ್ಕ ‘ಬೀಪ್’ ಹೇಳುತ್ತಿತ್ತು. ಹುಟ್ಟಿದ ಮಗುವಿನ ಮೊದಲ ಅಳುವಿನಂತೆ ಅದು. ಕೇಳಿದರೆ ಸುತ್ತ ನಿಂತವರಿಗೆ ಸಮಾಧಾನ. ತೊಂದರೆಯಿದ್ದರೆ ಸದ್ದಿನ ಲೆಕ್ಕ ಬೇರೆ. ಪರದೆಯೇ ಬೆಳಗದ ಯಂತ್ರ ಬರಹದಲ್ಲಿ ಏನು ಹೇಳೀತು? ಆದ್ದರಿಂದ ಸದ್ದು. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಅವಾರ್ಡ್ ಕಂಪನಿಯ ತಂತ್ರಾಂಶವಿದ್ದ ಯಂತ್ರದಲ್ಲಿ ಚಿತ್ರ ಮೂಡಿಸುವ ಭಾಗ ಕೆಟ್ಟರೆ ಒಂದು ಉದ್ದ, ಎರಡು ಗಿಡ್ಡ ಸದ್ದು. ಎಎಂಐ ಕಂಪನಿಯದರಲ್ಲಿ ಅಂಥದೇ ದೋಷಕ್ಕೆ ಎಂಟು ಸದ್ದು. ಒಂದು ಮನೆಯ ಸಂಕೇತಕ್ಕೆ ಇನ್ನೊಂದು ಮನೆಯ ಅರ್ಥ ಹಚ್ಚಬಾರದು. ಸದ್ದು ಎಣಿಸುವ ಮೊದಲು ಯಂತ್ರ ಯಾವ ಮನೆತನದ್ದೆಂದು ಕೇಳಿಕೊಳ್ಳಬೇಕು.

ಇಂದಿನ ಸರ್ವರುಗಳಲ್ಲಿ ಇದಕ್ಕಿಂತ ಜಾಣ ಏರ್ಪಾಡಿದೆ. ಮುಖ್ಯ ಗಣಕದ ಪಕ್ಕದಲ್ಲಿಯೇ ಇನ್ನೊಂದು ಪುಟ್ಟ ಗಣಕ ಕುಳಿತಿರುತ್ತದೆ. ಬಿಎಂಸಿ ಎಂದು ಅದರ ಹೆಸರು. ಡೆಲ್‌ನವರು ತಮ್ಮದನ್ನು ಐಡ್ರಾಕ್ ಎನ್ನುತ್ತಾರೆ, ಎಚ್‌ಪಿಇಯವರು ಐಲೋ ಎನ್ನುತ್ತಾರೆ. ಈ ಪುಟ್ಟ ಗಣಕದ ಕೆಲಸ ಲೆಕ್ಕ ಮಾಡುವುದಲ್ಲ, ಕಾವಲು. ಶಾಖ ಎಷ್ಟು, ಫ್ಯಾನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ, ವೋಲ್ಟೇಜ್ ಸರಿಯಿದೆಯೇ, ಮುಚ್ಚಳವನ್ನು ಯಾರಾದರೂ ತೆಗೆದರೇ ಎಂದೆಲ್ಲ ನೋಡುತ್ತಾ ಒಂದು ದಿನಚರಿ ಬರೆಯುತ್ತಿರುತ್ತದೆ. ಮುಖ್ಯ ಗಣಕ ನಿದ್ದೆ ಹೋದರೂ ಇದು ಎಚ್ಚರವಾಗಿರುತ್ತದೆ. ನಮ್ಮ ದೇಹದಲ್ಲಿ ಬುದ್ಧಿ ಮಲಗಿದ್ದಾಗಲೂ ಉಸಿರು, ನಾಡಿಗಳನ್ನು ನೋಡಿಕೊಳ್ಳುವ ಮಿದುಳಕಾಂಡ ಇದೆಯಲ್ಲ, ಹಾಗೆ. ಬೇರೆ ಬೇರೆ ತಯಾರಕರ ಯಂತ್ರಗಳನ್ನು ಒಂದೇ ರೀತಿಯಲ್ಲಿ ವಿಚಾರಿಸಿಕೊಳ್ಳುವಂತಾಗಲಿ ಎಂದು ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಕಂಪನಿಗಳು ಸೇರಿ 1998ರಲ್ಲಿ ಐಪಿಎಂಐ ಎಂಬ ಒಡಂಬಡಿಕೆಯನ್ನೂ ರೂಪಿಸಿದವು.

ಈಗ ಬರಹದ ಸಂಕೇತ. ಡೆಲ್ ಯಂತ್ರದಲ್ಲಿ ‘ಪಿಎಸ್‌ಯು 0003’ ಎಂದು ಕಂಡಿತು ಎನ್ನಿ. ಅಪರಿಚಿತನಿಗೆ ಇದು ಬಸ್ಸಿನ ನಂಬರಿನಂತೆ ಕಾಣುತ್ತದೆ. ಬಿಡಿಸಿ ನೋಡಿದರೆ ಸರಳ: ಮೊದಲ ಅಕ್ಷರಗಳು ಯಾವ ಅಂಗವೆಂದು ಹೇಳುತ್ತವೆ, ಅಂಕಿ ಏನಾಗಿದೆಯೆಂದು ಹೇಳುತ್ತದೆ. ಪಿಎಸ್‌ಯು ಎಂದರೆ ವಿದ್ಯುತ್ ಪೂರೈಸುವ ಘಟಕ. 0003 ಎಂದರೆ ಅದಕ್ಕೆ ಬರಬೇಕಾದ ವಿದ್ಯುತ್ ಬರುತ್ತಿಲ್ಲ. ‘ಎಂಇಎಂ 0701’ ಎಂದರೆ ಸ್ಮೃತಿಯ, ಅಂದರೆ ಮೆಮೊರಿಯ, ಒಂದು ಭಾಗದಲ್ಲಿ ಯಂತ್ರವೇ ತಿದ್ದಿಕೊಳ್ಳುತ್ತಿರುವ ತಪ್ಪುಗಳ ಸಂಖ್ಯೆ ಮಿತಿ ಮೀರಿದೆ. ವೈದ್ಯರಾದ ನಮಗೆ ಇದು ಹೊಸತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಐ21 ಎಂದರೆ ತೀವ್ರ ಹೃದಯಾಘಾತ, ಜೆ18 ಎಂದರೆ ನ್ಯುಮೋನಿಯಾ, ಇ11 ಎಂದರೆ ಎರಡನೆಯ ಬಗೆಯ ಮಧುಮೇಹ. ಅಲ್ಲಿಯೂ ಅಕ್ಷರ ಅಂಗವ್ಯೂಹವನ್ನು ಸೂಚಿಸುತ್ತದೆ, ಅಂಕಿ ವ್ಯಾಧಿಯನ್ನು.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ದಯವಿಟ್ಟು ಗಮನಿಸಿ. ಐಸಿಡಿ ಸಂಕೇತವನ್ನು ವೈದ್ಯರು ರೋಗನಿರ್ಣಯವಾದ ಮೇಲೆ ಬರೆಯುತ್ತಾರೆ. ಯಂತ್ರದ ಸಂಕೇತ ಬರುವುದು ನಿರ್ಣಯಕ್ಕೆ ಮೊದಲು. ಅದು ರೋಗದ ಹೆಸರಲ್ಲ, ರೋಗಿಯ ದೂರು. ‘ಎದೆ ನೋವು’ ಎಂದು ಹೇಳಿಕೊಂಡು ಬಂದವರಿಗೆಲ್ಲ ಹೃದಯಾಘಾತವೇ ಆಗಿರುವುದಿಲ್ಲ; ಹಾಗೆಂದು ಯಾರನ್ನೂ ಪರೀಕ್ಷಿಸದೆ ಮನೆಗೆ ಕಳಿಸುವಂತೆಯೂ ಇಲ್ಲ. ವಿದ್ಯುತ್ ಬರುತ್ತಿಲ್ಲವೆಂಬ ಸಂದೇಶವನ್ನೇ ತೆಗೆದುಕೊಳ್ಳಿ. ಘಟಕ ಕೆಟ್ಟಿರಬಹುದು, ಯಾರೋ ನೆಲ ಒರೆಸುವಾಗ ತಂತಿ ಸಡಿಲವಾಗಿರಬಹುದು, ಗೋಡೆಯ ಬ್ರೇಕರ್ ಬಿದ್ದಿರಬಹುದು, ಇಡೀ ಸಾಲಿಗೇ ವಿದ್ಯುತ್ ಹೋಗಿರಬಹುದು. ಮೊದಲ ಗುಂಗಿನಲ್ಲೇ ಹೊಸ ಘಟಕ ತರಿಸಿ ಹಾಕಿದರೆ ಹಣವೂ ದಂಡ, ಎರಡು ದಿನವೂ ದಂಡ.

ನಾವು ವೈದ್ಯವಿದ್ಯಾರ್ಥಿಗಳಾಗಿದ್ದಾಗ ಗುರುಗಳು ಕಲಿಸಿದ ಕ್ರಮವೇ ಇಲ್ಲಿಗೂ ಸಾಕು. ಮೊದಲು ವೃತ್ತಾಂತ ಕೇಳು: ಯಾವಾಗ ಶುರುವಾಯಿತು, ಹಿಂದೆಯೂ ಆಗಿತ್ತೇ, ನಿನ್ನೆ ಏನನ್ನಾದರೂ ಬದಲಾಯಿಸಿದರೇ? ಆಮೇಲೆ ಕಣ್ಣಿನಿಂದ ನೋಡು, ಕೈಯಿಂದ ಮುಟ್ಟು, ಕಿವಿಯಿಂದ ಆಲಿಸು. ಪರೀಕ್ಷೆ, ಔಷಧಿ ಅನಂತರದ್ದು.

ವೃತ್ತಾಂತ ಕೇಳುವಾಗ ಗಲ್ಫ್ ಕನ್ನಡಿಗರಿಗೇ ವಿಶೇಷವಾದ ಒಂದು ತೊಡಕಿದೆ: ಗಡಿಯಾರ. ಯಂತ್ರದ ದಿನಚರಿ ಅನೇಕ ಕಡೆ ಯುಟಿಸಿ ಎಂಬ ಜಾಗತಿಕ ವೇಳೆಯಲ್ಲಿರುತ್ತದೆ. ದೋಹಾ ಅದಕ್ಕಿಂತ 3 ಗಂಟೆ ಮುಂದೆ, ಬೆಂಗಳೂರು ಐದೂವರೆ ಗಂಟೆ ಮುಂದೆ. ದಿನಚರಿಯಲ್ಲಿ ಸೋಮವಾರ ರಾತ್ರಿ 9.40 ಎಂದು ಬರೆದಿದ್ದರೆ ದೋಹಾದಲ್ಲಿ ಅದು ಮಂಗಳವಾರ 12.40ರ ನಡುರಾತ್ರಿ; ಬೆಂಗಳೂರಿನಿಂದ ಫೋನಿನಲ್ಲಿ ಸಹಾಯ ಮಾಡುತ್ತಿರುವ ನಮ್ಮವನೇ ಒಬ್ಬನಿಗೆ ಮಂಗಳವಾರ ಬೆಳಗಿನ ಜಾವ 3.10. ಮೂವರೂ ಒಂದೇ ಘಟನೆಯನ್ನು ಮೂರು ಘಟನೆಯೆಂದು ತಿಳಿದು ಹುಡುಕಾಡಿದರೆ ತಪ್ಪು ಯಂತ್ರದ್ದಲ್ಲ. ರೋಗಿಯ ಚಾರ್ಟಿನಲ್ಲಿ ಚುಚ್ಚುಮದ್ದಿನ ಸಮಯ ತಪ್ಪಾದರೆ ಏನಾಗುತ್ತದೆಯೋ ಇಲ್ಲಿಯೂ ಅದೇ. ಸಂದೇಶ ಓದುವ ಮೊದಲು ಅದು ಯಾವ ಗಡಿಯಾರದ ಮಾತು ಎಂದು ನೋಡಬೇಕು.

ಇನ್ನು ದೀಪಕ್ಕೆ ಬರೋಣ. ಬಣ್ಣಗಳ ಅರ್ಥ ತಯಾರಕರಿಂದ ತಯಾರಕರಿಗೆ ಸ್ವಲ್ಪ ಬದಲಾದರೂ ಒಟ್ಟಾರೆ ಮೂರು ಮೆಟ್ಟಿಲು. ಹಸಿರು ಅಥವಾ ನೀಲಿ ಎಂದರೆ ಕ್ಷೇಮ. ಕೆಂಪು ಎಂದರೆ ಕೆಲಸ ನಿಂತಿದೆ ಅಥವಾ ನಿಲ್ಲಲಿದೆ. ಇವೆರಡರ ನಡುವೆ ಕಿತ್ತಳೆ. ಕೆಂಪು ದೀಪ ಕಂಡರೆ ಎಲ್ಲರೂ ಓಡಿ ಬರುತ್ತಾರೆ. ಕಿತ್ತಳೆ ದೀಪದ ಹತ್ತಿರ ಯಾರೂ ಬರುವುದಿಲ್ಲ, ಏಕೆಂದರೆ ಆಗಲೂ ಎಲ್ಲವೂ ನಡೆಯುತ್ತಿರುತ್ತದೆ. ನಮ್ಮ ಇಂದಿನ ಮಾತೆಲ್ಲ ಈ ಕಿತ್ತಳೆ ದೀಪದ ಪರವಾಗಿ ಒಂದು ವಕಾಲತ್ತು.

ಎಲ್ಲವೂ ನಡೆಯುತ್ತಿರುತ್ತದೆ ಏಕೆ? ಸರ್ವರನ್ನು ಕಟ್ಟಿದವರು ಪ್ರಕೃತಿಯಂತೆಯೇ ಮುಂದಾಲೋಚನೆಯಿಂದ ಎರಡೆರಡು ಅಂಗ ಕೊಟ್ಟಿರುತ್ತಾರೆ. ಎರಡು ವಿದ್ಯುತ್ ಘಟಕ, ಹಲವು ಫ್ಯಾನು, ಹಲವು ಡಿಸ್ಕು. ನಮಗೆ ಎರಡು ಮೂತ್ರಪಿಂಡಗಳಿರುವಂತೆ. ಒಂದನ್ನು ದಾನ ಮಾಡಿದವರೂ ಚೆನ್ನಾಗಿ ಬಾಳುತ್ತಾರೆ. ಆದರೆ ಮೂತ್ರಪಿಂಡದ ಕೆಲಸ ಹತ್ತಿರ ಹತ್ತಿರ ಅರ್ಧದಷ್ಟು ಕುಂದುವವರೆಗೂ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಸರಿಯಾಗಿಯೇ ಕಾಣಬಹುದು ಎಂಬುದನ್ನೂ ನಾವು ಬಲ್ಲೆವು. ದೇಹ ಸರಿದೂಗಿಸುವಷ್ಟು ಕಾಲ ರೋಗ ಅಡಗಿಕೊಂಡಿರುತ್ತದೆ.

ಸರ್ವರಿನಲ್ಲಿ ರೈಡ್-5 ಎಂಬ ಡಿಸ್ಕುಗಳ ಜೋಡಣೆಯಿದೆ. ಐದು ಡಿಸ್ಕುಗಳಿದ್ದರೆ ಅವುಗಳಲ್ಲಿ ಒಂದು ಸತ್ತರೂ ಉಳಿದ ನಾಲ್ಕರ ಮಾಹಿತಿಯಿಂದ ಕಳೆದದ್ದನ್ನು ಲೆಕ್ಕ ಹಾಕಿ ಯಂತ್ರ ಒಪ್ಪಿಸುತ್ತದೆ. ಬಳಸುವವರಿಗೆ ಗೊತ್ತೇ ಆಗುವುದಿಲ್ಲ. ಆಗ ಬರುವ ಸಂದೇಶ ‘ಡಿಗ್ರೇಡೆಡ್’. ಇದನ್ನು ‘ಸ್ವಲ್ಪ ನಿಧಾನ’ ಎಂದು ಅನುವಾದಿಸಿಕೊಂಡು ಸುಮ್ಮನಾಗುವವರಿದ್ದಾರೆ. ಅದರ ನಿಜವಾದ ಅರ್ಥ ‘ಇನ್ನೊಂದು ಹೋದರೆ ಎಲ್ಲ ಹೋಯಿತು’ ಎಂದು. ಉಳಿದ ನಾಲ್ಕೂ ಒಂದೇ ದಿನ ಕೊಂಡ, ಒಂದೇ ವಯಸ್ಸಿನ, ಒಂದೇ ದುಡಿಮೆಯ ಡಿಸ್ಕುಗಳಾಗಿರುವುದೇ ಹೆಚ್ಚು. ಹೊಸ ಡಿಸ್ಕು ಹಾಕಿದ ಮೇಲೆ ಮಾಹಿತಿಯನ್ನು ಪುನಃ ಕಟ್ಟಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಉಳಿದ ಡಿಸ್ಕುಗಳು ಜೀವಮಾನದಲ್ಲೇ ಅತಿ ಹೆಚ್ಚು ದುಡಿಯುತ್ತವೆ. ‘ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ’ ಎಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿರಬೇಕು.

ಸ್ಮೃತಿಯಲ್ಲೂ ಇದೇ ಕಥೆ. ಸರ್ವರಿನ ಮೆಮೊರಿಯಲ್ಲಿ 64 ಬಿಟ್ ಮಾಹಿತಿಗೆ 8 ಬಿಟ್ ಕಾವಲು ಇರುತ್ತದೆ. ಒಂದು ಬಿಟ್ ತಪ್ಪಾದರೆ ತಾನೇ ತಿದ್ದಿಕೊಳ್ಳುತ್ತದೆ. ಎರಡು ತಪ್ಪಾದರೆ ತಪ್ಪಾಯಿತೆಂದು ತಿಳಿಯುತ್ತದೆ, ತಿದ್ದಲಾರದು. ಗೂಗಲ್ ಸಂಸ್ಥೆಯ ಯಂತ್ರಗಳನ್ನು ಅಭ್ಯಸಿಸಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ವರ್ಷವೊಂದರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಯಂತ್ರಗಳಲ್ಲಿ ಹೀಗೆ ತಿದ್ದಿಕೊಂಡ ತಪ್ಪು ಕಾಣಿಸಿತು. ಹಾಗೆ ಕಾಣಿಸಿದ ಕಡೆ ತಿದ್ದಲಾಗದ ತಪ್ಪಿನ ಸಂಭವವೂ ಹೆಚ್ಚಿತ್ತು. ತಾನೇ ವಾಸಿಯಾದ ಸಣ್ಣ ನೋವು ಮುಂದಿನ ದೊಡ್ಡ ನೋವಿನ ಓಲೆಕಾರನಿರಬಹುದು.

ಹಾಗಾದರೆ ದೀಪ ಹಸಿರಿದ್ದರೆ ನಿಶ್ಚಿಂತೆಯೇ? ಅದೂ ಇಲ್ಲ. ಅದೇ ಸಂಸ್ಥೆಯವರು ಲಕ್ಷಕ್ಕೂ ಮೀರಿದ ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಇನ್ನೊಂದು ವರದಿ ಹೊರತಂದರು. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷ ಕಾಣದವಕ್ಕಿಂತ 39 ಪಟ್ಟು ಹೆಚ್ಚು ಎಂದು ಅದರಲ್ಲಿದೆ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ: ಕೆಟ್ಟುಹೋದ ಡಿಸ್ಕುಗಳಲ್ಲಿ ಶೇಕಡಾ 56ಕ್ಕಿಂತ ಹೆಚ್ಚಿನವು ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ನಮ್ಮ ವೈದ್ಯಭಾಷೆಯಲ್ಲಿ ಹೇಳುವುದಾದರೆ, ಸೂಚನೆ ಬಂದರೆ ನಂಬು. ಬಾರದಿದ್ದರೆ ಆರೋಗ್ಯವೆಂದು ನಂಬಬೇಡ. ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ಎದೆನೋವಿನವರನ್ನು ಮನೆಗೆ ಕಳಿಸುವುದಿಲ್ಲವಷ್ಟೆ. ಆದ್ದರಿಂದಲೇ ಎಲ್ಲ ದೀಪಗಳೂ ಹಸಿರಿದ್ದಾಗಲೂ ಮಾಹಿತಿಯ ಇನ್ನೊಂದು ಪ್ರತಿಯನ್ನು ಬೇರೆಡೆ ಇಡಬೇಕು.

ಬಂಧುಗಳೇ, ಈ ಸಂಕೇತಗಳ ಬೆಲೆ ಎಷ್ಟೆಂದು ತಿಳಿಯಲು ಚರಿತ್ರೆಯ ಎರಡು ಘಟನೆಗಳನ್ನು ನೆನೆಯಬೇಕು. ಒಂದು ಆಕಾಶದ್ದು, ಇನ್ನೊಂದು ಆಸ್ಪತ್ರೆಯದು.

1969ರ ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ಮೇಲಕ್ಕೆ ಇಳಿಯುತ್ತಿದ್ದಾಗ ಅವರ ಗಣಕ ‘1202’ ಎಂಬ ಎಚ್ಚರಿಕೆ ಕೊಟ್ಟಿತು. ಅದೇನೆಂದು ಅವರಿಗೆ ತಿಳಿಯಲಿಲ್ಲ. ಇಳಿಯಬೇಕೋ ಹಿಂತಿರುಗಬೇಕೋ ಎಂಬುದು ಸೆಕೆಂಡುಗಳಲ್ಲಿ ತೀರ್ಮಾನವಾಗಬೇಕಿತ್ತು. ಭೂಮಿಯ ಮೇಲೆ ಜ್ಯಾಕ್ ಗಾರ್ಮನ್ ಎಂಬ 24 ವರ್ಷದ ತರುಣ ಇಂಜಿನಿಯರ್ ಕುಳಿತಿದ್ದ. ಕೆಲವು ದಿನಗಳ ಹಿಂದೆ ಅಭ್ಯಾಸದ ಹಾರಾಟದಲ್ಲಿ ಇಂಥದೇ ಎಚ್ಚರಿಕೆ ಎಲ್ಲರನ್ನೂ ಗಲಿಬಿಲಿಗೊಳಿಸಿದ್ದರಿಂದ, ನಿರ್ದೇಶಕ ಜೀನ್ ಕ್ರಾಂಟ್ಸ್ ಎಲ್ಲ ಸಂಕೇತಗಳ ಅರ್ಥವನ್ನೂ ಪಟ್ಟಿ ಮಾಡಬೇಕೆಂದು ಹೇಳಿದ್ದರು. ಗಾರ್ಮನ್ ಕೈಬರಹದ ಪಟ್ಟಿ ಮಾಡಿಟ್ಟುಕೊಂಡಿದ್ದ. 1202 ಎಂದರೆ ಗಣಕಕ್ಕೆ ಕೆಲಸದ ಹೊರೆ ಹೆಚ್ಚಾಗಿದೆ, ಅದು ಮುಖ್ಯವಲ್ಲದ ಕೆಲಸಗಳನ್ನು ಬದಿಗಿಟ್ಟು ಮುಖ್ಯವಾದುದನ್ನು ಮಾಡುತ್ತಿದೆ. ಪದೇ ಪದೇ ಬಾರದಿದ್ದರೆ ಮುಂದುವರಿಯಬಹುದು. ಅವನು ಹೇಳಿದ, ಸ್ಟೀವ್ ಬೇಲ್ಸ್ ಒಪ್ಪಿದ, ಮನುಷ್ಯ ಚಂದ್ರನ ಮೇಲೆ ಇಳಿದ.

ಇನ್ನೊಂದು ಘಟನೆ ಅಮೆರಿಕದ ಟೆಕ್ಸಸ್ ರಾಜ್ಯದ ಟೈಲರ್ ಊರಿನದು. ಅಲ್ಲಿನ ಕ್ಯಾನ್ಸರ್ ಕೇಂದ್ರದಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರವಿತ್ತು. ಗಣಕದಿಂದ ನಡೆಯುವ ಯಂತ್ರ. 1986ರ ಮಾರ್ಚ್ 21ರಂದು ಒಬ್ಬ ರೋಗಿಗೆ ಚಿಕಿತ್ಸೆ ಕೊಡುವಾಗ ಪರದೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂದು ಬಂತು. ಕೈಪಿಡಿಯಲ್ಲಿ ಅದರ ವಿವರಣೆಯಿಲ್ಲ. ಯಂತ್ರದ ಜೊತೆಗಿದ್ದ ಹಾಳೆಯಲ್ಲಿ ಇದ್ದದ್ದು ‘ಡೋಸ್ ಇನ್‌ಪುಟ್ 2’ ಎಂಬಷ್ಟೇ. ಆ ಯಂತ್ರ ಸಣ್ಣಪುಟ್ಟದ್ದಕ್ಕೆಲ್ಲ ಪದೇ ಪದೇ ಹೀಗೆ ನಿಲ್ಲುತ್ತಿತ್ತು. ‘ಪಿ’ ಕೀಲಿ ಒತ್ತಿದರೆ ಮುಂದುವರಿಯುತ್ತಿತ್ತು. ಕೊಟ್ಟ ಪ್ರಮಾಣ ಕಡಿಮೆಯಾಗಿದೆ ಎಂದು ಪರದೆ ತೋರಿಸುತ್ತಿತ್ತು. ನಡೆಸುವಾಕೆ ಅಭ್ಯಾಸದಂತೆ ‘ಪಿ’ ಒತ್ತಿದರು. ನಿಜದಲ್ಲಿ ರೋಗಿಯ ಮೇಲೆ ಬಿದ್ದದ್ದು ಉದ್ದೇಶಿತ ಪ್ರಮಾಣಕ್ಕಿಂತ ಹತ್ತಾರು ಪಟ್ಟು ಹೆಚ್ಚಿನ ವಿಕಿರಣ. ಆ ದಿನ ಒಳಕೋಣೆಯ ಧ್ವನಿಯಂತ್ರವೂ ಕೆಟ್ಟಿದ್ದರಿಂದ ರೋಗಿಯ ಕೂಗು ಹೊರಗೆ ಕೇಳಿಸಲಿಲ್ಲ. ಏಪ್ರಿಲ್ 11ರಂದು ಅದೇ ಕೇಂದ್ರದಲ್ಲಿ, ಅದೇ ಸಂಕೇತದೊಂದಿಗೆ ಇನ್ನೊಬ್ಬ ರೋಗಿಗೂ ಹೀಗೆಯೇ ಆಯಿತು. ಇಬ್ಬರೂ ತೀರಿಕೊಂಡರು. 1985ರಿಂದ 1987ರವರೆಗೆ ಈ ಯಂತ್ರದಿಂದ ಒಟ್ಟು ಆರು ಅವಘಡಗಳು ನಡೆದವು.

ನಿಜವನ್ನು ಕಂಡುಹಿಡಿದದ್ದು ಆ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಸ್ ಹೇಗರ್ ಮತ್ತು ಯಂತ್ರ ನಡೆಸುತ್ತಿದ್ದ ಆಕೆ. ಆಕೆ ತಾನು ಆ ದಿನ ಒತ್ತಿದ ಕೀಲಿಗಳನ್ನು ನೆನಪು ಮಾಡಿಕೊಂಡರು. ಇಬ್ಬರೂ ಕುಳಿತು ಮತ್ತೆ ಮತ್ತೆ ಒತ್ತಿ ನೋಡಿ, ಮಾಹಿತಿಯನ್ನು ಅತಿ ವೇಗವಾಗಿ ತಿದ್ದಿದರೆ ಯಂತ್ರ ಎಡವುತ್ತದೆಂದು ತೋರಿಸಿಕೊಟ್ಟರು. ಹೊಣೆಗೇಡಿತನ ಆಕೆಯದಾಗಿರಲಿಲ್ಲ. ಅರ್ಥವಿಲ್ಲದ ಸಂಕೇತ ಕೊಟ್ಟು, ಅದನ್ನು ದಾಟಿ ಹೋಗಲು ಸುಲಭದ ಕೀಲಿಯನ್ನೂ ಕೊಟ್ಟ ವ್ಯವಸ್ಥೆಯದಾಗಿತ್ತು.

ನೋಡಿ, 1202 ಮತ್ತು 54. ಎರಡೂ ಬರೀ ಅಂಕಿ. ಒಂದರ ಹಿಂದೆ ಅರ್ಥ ತಿಳಿದವನೊಬ್ಬ ಪಟ್ಟಿ ಹಿಡಿದು ಕುಳಿತಿದ್ದ. ಅವನ ವಯಸ್ಸು ಚಿಕ್ಕದೆಂದು ಹಿರಿಯರು ಅವನ ಮಾತನ್ನು ತಳ್ಳಿಹಾಕಲಿಲ್ಲ. ಇನ್ನೊಂದರ ಹಿಂದೆ ಯಾರೂ ಇರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು: ‘ಡಾಕ್ಟರೇ, ದಿನಕ್ಕೆ ನೂರಾರು ಎಚ್ಚರಿಕೆ ಬರುತ್ತವೆ, ಎಲ್ಲದಕ್ಕೂ ಓಡಲಾದೀತೇ?’ ಆಕ್ಷೇಪ ನ್ಯಾಯವಾದದ್ದು. ತೀವ್ರ ನಿಗಾ ಘಟಕದಲ್ಲಿ ನಮ್ಮದೂ ಇದೇ ಪಾಡು. ಅಮೆರಿಕದ ಆಸ್ಪತ್ರೆಗಳ ಗುಣಮಟ್ಟ ನೋಡಿಕೊಳ್ಳುವ ಜಾಯಿಂಟ್ ಕಮಿಷನ್ 2013ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ರೋಗಿಗಳ ಯಂತ್ರಗಳು ಹೊಡೆಯುವ ಗಂಟೆಗಳಲ್ಲಿ ಶೇಕಡಾ 85ರಿಂದ 99ರಷ್ಟಕ್ಕೆ ಯಾವ ಚಿಕಿತ್ಸೆಯೂ ಬೇಕಿರುವುದಿಲ್ಲ ಎಂದು ಅಂದಾಜಿಸಿತ್ತು. ಅದೇ ಕಾಗದದಲ್ಲಿ, 2009ರ ಜನವರಿಯಿಂದ 2012ರ ಜೂನ್‌ವರೆಗೆ ಗಂಟೆಗೆ ಸಂಬಂಧಿಸಿದ 98 ಅವಘಡಗಳು ವರದಿಯಾಗಿ 80 ಜನ ಸತ್ತರು ಎಂದೂ ಇದೆ. ‘ಹುಲಿ ಬಂತು ಹುಲಿ’ ಎಂಬ ಹುಡುಗನ ಕಥೆಯಲ್ಲಿ ಕೊನೆಗೆ ನಿಜವಾಗಿಯೂ ಹುಲಿ ಬರುತ್ತದೆ ಎಂಬುದನ್ನು ಮರೆಯಬಾರದು.

ಇದಕ್ಕೆ ಮದ್ದು ಗಂಟೆಯ ಬಾಯಿ ಮುಚ್ಚಿಸುವುದಲ್ಲ. ಸುಳ್ಳು ಗಂಟೆ ಏಕೆ ಹೊಡೆಯುತ್ತಿದೆ ಎಂದು ಹುಡುಕಿ ಅದನ್ನು ಸರಿಪಡಿಸುವುದು. ನಿಗಾ ಘಟಕದಲ್ಲಿ ಎದೆಗೆ ಅಂಟಿಸುವ ಪಟ್ಟಿಯನ್ನು ಕ್ರಮವಾಗಿ ಬದಲಿಸಿದರೆ ಎಷ್ಟೋ ಹುಸಿ ಗಂಟೆ ತಾನಾಗಿ ನಿಲ್ಲುತ್ತದೆ. ಪ್ರತಿ ರೋಗಿಗೂ ತಕ್ಕಂತೆ ಮಿತಿಯನ್ನು ಹೊಂದಿಸುತ್ತೇವೆ. ಸರ್ವರಿನಲ್ಲೂ ಹಾಗೆ: ಕೈಬಿಟ್ಟ ಯಂತ್ರದ ಸೂಚನೆಯನ್ನು ಪಟ್ಟಿಯಿಂದ ತೆಗೆಯಿರಿ, ಧೂಳು ಹಿಡಿದ ಫ್ಯಾನನ್ನು ಒರೆಸಿ, ಉಳಿದ ಸೂಚನೆಗೆ ಆಗ ಬೆಲೆ ಬರುತ್ತದೆ.

ಧೂಳು ಎಂದಾಗ ಕತಾರಿನ ಮಾತು ಬರುತ್ತದೆ. ಶಮಾಲ್ ಗಾಳಿ ಬೀಸಿದ ಮರುದಿನ ನಮ್ಮ ಕಿಟಕಿಯ ಸಂದಿನಲ್ಲೂ ಹಿಟ್ಟಿನಂಥ ಧೂಳು. ದೋಹಾದಲ್ಲಿ 2010ರ ಜುಲೈನಲ್ಲಿ ಉಷ್ಣಾಂಶ 50.4 ಡಿಗ್ರಿ ಮುಟ್ಟಿತ್ತು. ಸರ್ವರ್ ಕೋಣೆಯ ಗಾಳಿಗೆ ಸಾಮಾನ್ಯವಾಗಿ ಶಿಫಾರಸು ಮಾಡುವುದು 18ರಿಂದ 27 ಡಿಗ್ರಿ. ಹೊರಗೂ ಒಳಗೂ ಇರುವ ಈ ಅಂತರವನ್ನು ಹಿಡಿದು ನಿಲ್ಲಿಸಿರುವುದು ತಂಪುಯಂತ್ರವೊಂದೇ. ಬೇಸಗೆಯಲ್ಲಿ ‘ಒಳಗಾಳಿಯ ಶಾಖ ಹೆಚ್ಚು’ ಎಂಬ ಕಿತ್ತಳೆ ಸಂದೇಶ ಇಲ್ಲಿ ಬಂದರೆ ಅದು ಜ್ವರವಿದ್ದಂತೆ. ಜ್ವರ ತಾನೇ ರೋಗವಲ್ಲ, ಆದರೆ ಪಕ್ಕದ ಯಂತ್ರಕ್ಕೂ ಇದೆಯೇ ಎಂದು ಕೂಡಲೇ ನೋಡಬೇಕು. ಒಬ್ಬರಿಗೆ ಜ್ವರ ಬಂದರೆ ಅವರ ಕಾಯಿಲೆ, ಬೀದಿಗೆಲ್ಲ ಬಂದರೆ ನೀರಿನ ದೋಷ. ಒಂದು ಯಂತ್ರ ಬಿಸಿಯಾದರೆ ಅದರ ಫ್ಯಾನು, ಸಾಲೆಲ್ಲ ಬಿಸಿಯಾದರೆ ಕೋಣೆಯ ತಂಪುಯಂತ್ರ.

ಇದು ಮರುಭೂಮಿಯವರಿಗಷ್ಟೇ ಹೇಳುವ ಮಾತಲ್ಲ. 2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದ ದಿನ, ಲಂಡನ್ನಿನ ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳ ಎರಡು ದತ್ತಾಂಶ ಕೇಂದ್ರಗಳೂ ತಂಪು ಸಾಲದೆ ನಿಂತುಹೋದವು. ಒಂದು ಹೋದರೆ ಇನ್ನೊಂದಿದೆ ಎಂದು ಇಟ್ಟುಕೊಂಡಿದ್ದ ಎರಡೂ ಒಂದೇ ಬಿಸಿಲಿಗೆ ಸಿಕ್ಕವು. ವೈದ್ಯರು ಕಾಗದ, ಪೆನ್ನು ಹಿಡಿದರು. ಶಸ್ತ್ರಚಿಕಿತ್ಸೆಗಳು ಮುಂದೆ ಹೋದವು. ಎಲ್ಲವೂ ಸರಿಹೋಗಲು ವಾರಗಟ್ಟಲೆ ಹಿಡಿಯಿತು. ಸರ್ವರಿನ ಬಿಸಿ ರೋಗಿಯ ಹಾಸಿಗೆಯವರೆಗೆ ಹೇಗೆ ತಲಪುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೊನೆಯದಾಗಿ, ಈ ಸಭೆಯ ತರುಣರಿಗೆ ನಾಲ್ಕು ಮಾತು. ಹಿರಿಯರು ಹೇಳುತ್ತಾರೆಂದಲ್ಲ, ಜೊತೆಯವರು ಹೇಳುತ್ತಾರೆಂದು ಕೇಳಿ.

ಒಂದು, ಸಂದೇಶವನ್ನು ಅಳಿಸುವ ಮೊದಲು ಅಕ್ಷರಶಃ ಬರೆದಿಡಿ ಅಥವಾ ಚಿತ್ರ ತೆಗೆದಿಡಿ. ‘ಏನೋ ಎರರ್ ಬಂತು ಸಾರ್’ ಎಂಬ ಮಾತು ‘ಏನೋ ಮಾತ್ರೆ ತಗೊಂಡೆ ಡಾಕ್ಟ್ರೇ’ ಎಂಬಷ್ಟೇ ನಿರುಪಯೋಗಿ. ದೀಪ ಆರಿಸಲೆಂದು ದಿನಚರಿಯನ್ನೇ ಅಳಿಸಿಬಿಟ್ಟರೆ ಮುಂದೆ ಬರುವವರಿಗೆ ರೋಗದ ವೃತ್ತಾಂತವೇ ಇಲ್ಲವಾಗುತ್ತದೆ. ಎರಡು, ಕಿತ್ತಳೆ ದೀಪ ಎಷ್ಟು ದಿನದಿಂದ ಉರಿಯುತ್ತಿದೆ ಎಂದು ಕೇಳಿ. ‘ಅದು ಯಾವಾಗಲೂ ಹಾಗೇ’ ಎಂಬ ಉತ್ತರ ಬಂದರೆ ಅದೇ ಅತ್ಯಂತ ಅಪಾಯದ ಉತ್ತರ. ಮೂರು, ಪಾಳಿ ಬದಲಾಗುವಾಗ ಬಾಯಲ್ಲಿ ಹೇಳಿ, ಬರೆದೂ ಕೊಡಿ. ಯಾರ ಹೊಣೆಯೆಂದು ಹೆಸರು ಬರೆಯಿರಿ. ಎಲ್ಲರ ಹೊಣೆಯಾದದ್ದು ಯಾರ ಹೊಣೆಯೂ ಅಲ್ಲ.

ನಾಲ್ಕನೆಯದು ಕಷ್ಟದ್ದು. ಕಂಡದ್ದನ್ನು ಮೇಲಿನವರಿಗೆ ಹೇಳಿ. ಪರದೇಶದಲ್ಲಿದ್ದೇವೆ, ಕೆಲಸ ಒಪ್ಪಂದದ ಮೇಲಿದೆ, ಊರಿನಲ್ಲಿ ಮನೆ ಕಟ್ಟುವ ಸಾಲವಿದೆ, ‘ನಮಗೇಕೆ ಇಲ್ಲದ ಉಸಾಬರಿ’ ಎಂಬ ಯೋಚನೆ ಬರುವುದು ಸಹಜ. ಡಿಸ್ಕು ಕೇಳಿದರೆ ಖರ್ಚು ಎನ್ನುತ್ತಾರೆ, ರಾತ್ರಿ ಎಬ್ಬಿಸಿದರೆ ಗದರುತ್ತಾರೆ ಎಂಬ ಅಂಜಿಕೆಯೂ ಸುಳ್ಳಲ್ಲ. ಆದರೆ ಕಿರಿಯ ದಾದಿಯೊಬ್ಬರು ‘ಡಾಕ್ಟರ್, ಈ ರೋಗಿ ನನಗೆ ಸರಿಕಾಣುತ್ತಿಲ್ಲ’ ಎಂದು ನಡುರಾತ್ರಿ ಹೇಳಿದ್ದರಿಂದ ಉಳಿದ ಜೀವಗಳನ್ನು ನಾವು ಕಂಡಿದ್ದೇವೆ. ಆಕೆ ಹೇಳಿದ್ದು ಹತ್ತರಲ್ಲಿ ಒಂಬತ್ತು ಸಲ ಹುಸಿಯಾದರೂ ಗದರಬಾರದೆಂದು ನಮಗೆ ಕಲಿಸಿದ್ದಾರೆ; ಗದರಿದರೆ ಹತ್ತನೆಯ ಸಲ ಆಕೆ ಹೇಳುವುದಿಲ್ಲ. ಇಲ್ಲಿ ಕುಳಿತಿರುವ ವ್ಯವಸ್ಥಾಪಕರೂ ಮುಖ್ಯಸ್ಥರೂ ಈ ಮಾತನ್ನು ತಮಗೇ ಹೇಳಿದ್ದೆಂದು ಸ್ವೀಕರಿಸಬೇಕು. ಹೇಳುವವನಿಗೆ ಬಾಯಿದ್ದರೆ ಸಾಲದು, ಕೇಳುವವರಿಗೆ ಕಿವಿಯಿರಬೇಕು. ಯಂತ್ರದ ಕಿತ್ತಳೆ ದೀಪವೂ ಕಿರಿಯ ನೌಕರನ ಅಳುಕಿನ ಮಾತೂ ಒಂದೇ ಜಾತಿಯವು. ಎರಡನ್ನೂ ಅಲಕ್ಷ್ಯ ಮಾಡುವುದು ಸುಲಭ. ಎರಡೂ ಅಗ್ಗದಲ್ಲಿ ಸಿಗುವ ಕೊನೆಯ ಅವಕಾಶ. ಆಮೇಲೆ ಮಾಡುವುದೆಲ್ಲ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ.

ವೈದ್ಯರ ಚಾಳಿ ಪೂರ್ತಿ ಬಿಡುವುದಿಲ್ಲ, ಒಂದು ಮಾತು ಸೇರಿಸಿ ಮುಗಿಸುತ್ತೇವೆ. ಇಷ್ಟೊಂದು ಯಂತ್ರಗಳನ್ನು ಕಾಯುವ ನಿಮ್ಮ ದೇಹದಲ್ಲೂ ದೀಪಗಳಿವೆ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವುದು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಬಿಸಿಲಿನಲ್ಲಿ ದುಡಿಯುವಾಗ ಬೆವರು ನಿಂತು ತಲೆ ಸುತ್ತುವುದು, ಇವೆಲ್ಲ ಕಿತ್ತಳೆ. ಕೆಲಸವಂತೂ ನಡೆಯುತ್ತಿದೆ, ಊರಿಗೆ ರಜೆಯಲ್ಲಿ ಹೋದಾಗ ತೋರಿಸಿದರಾಯಿತು ಎನ್ನಬೇಡಿ. ಬಿಸಿಲಿನ ಆ ಸೂಚನೆಗಂತೂ ಅರ್ಧ ಗಂಟೆಯೂ ಕಾಯಬೇಡಿ. ನೆರಳಿಗೆ ತಂದು, ಮೈಗೆ ನೀರು ಸುರಿದು, 999ಕ್ಕೆ ಕರೆ ಮಾಡಿ. ಸರ್ವರಿಗೆ ಬಿಡಿ ಭಾಗ ಸಿಗುತ್ತದೆ. ಮನೆಯವರಿಗೆ ನಿಮ್ಮ ಬದಲಿ ಸಿಗುವುದಿಲ್ಲ.

ಹೋಳಿಗೆಗೆ ಕೊಟ್ಟ ಅಭಯ ಹಾಗೆಯೇ ಇದೆ; ಎರಡಕ್ಕೆ ಮಾತ್ರ.